ಗ್ಲೋವ್ ಬಾಕ್ಸ್ ಇಲ್ಲದೆ ಕಬ್ಬಿಣ ಕರಗಿದ್ದನ್ನು ಅಳೆದದ್ದು

"ಎಂತ ಮಾರಾಯ್ರೆ, ಗ್ಲೋವ್ ಬಾಕ್ಸ್ ಇಲ್ಲದೆ ಇದೆಲ್ಲ ಆಗ್ಲಿಕ್ಕುಂಟಾ?" ಅಂತ, ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಕರಗುವುದನ್ನು ಅಳೆಯಲು ಹೊರಟ ನನ್ನನ್ನು ನೋಡಿ ಮಂಗಳೂರಿನ ನಮ್ಮವರೇ ನಕ್ಕಿದ್ದರು. ಗ್ಲೋವ್ ಬಾಕ್ಸ್ ಅಂದರೆ ಹೊರಗಿನ ಗಾಳಿ ತಾಗದ ಹಾಗೆ ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ. ಅದಿಲ್ಲದೆಯೂ ಆಯ್ತು ನೋಡಿ.

ಅಣುತ್ಯಾಜ್ಯ ಹೂಳುವಷ್ಟು ಆಳದ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ, ನಿಮಗೆ ಗೊತ್ತಿದ್ದದ್ದೇ. ಅಣುತ್ಯಾಜ್ಯ ಹೂಳಲೆಂದೇ ತೋಡಿದ ಫಿನ್ಲೆಂಡಿನ ಒಂಕಾಲೊ ಸುರಂಗದ ವಿನ್ಯಾಸದಲ್ಲಿ 400 ಮೀಟರಿಗಿಂತ ಕೆಳಗೆ 5 ಸೆಂ.ಮೀ. ದಪ್ಪದ ತಾಮ್ರದ ಡಬ್ಬಿ, ಒಳಗೆ ಎರಕದ ಕಬ್ಬಿಣ, ಸುತ್ತ ಬೆಂಟೊನೈಟ್ ಅನ್ನುವ ಜೇಡಿಮಣ್ಣು. ಆ ಕಬ್ಬಿಣಕ್ಕೆ ನೀರು ತಾಗಿದರೆ ಎಷ್ಟು ಕರಗುತ್ತದೆ ಅಂತ ನನಗೆ ಬಾಟಲಿಯಲ್ಲಿ ನೋಡಬೇಕಿತ್ತು. ಗ್ಲೋವ್ ಬಾಕ್ಸ್ ಅಂದರೆ ಲಕ್ಷಗಳ ಮಾತು. ನನ್ನ ಹತ್ತಿರ ಇದ್ದದ್ದು ನಲವತ್ತು ಸಾವಿರ ಚಿಲ್ಲರೆ, ಅದರಲ್ಲಿ ಅರ್ಧ ನೈಟ್ರೋಜನ್ ಸಿಲಿಂಡರಿನ ಡಿಪಾಸಿಟ್ಟು, ರೆಗ್ಯುಲೇಟರಿಗೇ ಹೋಯ್ತು.

ಗಾಳಿ ಓಡಿಸಲು ನೈಟ್ರೋಜನ್ ಹಾಯಿಸಿದರೂ ಮೊದಮೊದಲು ಎಲ್ಲ ಬಾಟಲಿಯೂ ವಾರದೊಳಗೆ ತುಕ್ಕು ಹಿಡಿದು ಕೆಂಪು. ಸಿಲಿಂಡರ್ ಬದಲಿಸಿದೆ, ದುಡ್ಡು ದಂಡ. ಕಳ್ಳ ಇದ್ದದ್ದು ಸಿಲಿಕೋನ್ ಪೈಪಿನಲ್ಲಿ, ಆಮ್ಲಜನಕ ಅದರ ಗೋಡೆಯಿಂದಲೇ ನುಸುಳುತ್ತದೆ. ಫ್ರಿಜ್ ರಿಪೇರಿಯವರ ಹತ್ತಿರ ತಾಮ್ರದ ಪೈಪ್ ತಂದೆ, ಉಳಿದ ಆಮ್ಲಜನಕ ಹಿಡಿಯಲಿ ಅಂತ ಗ್ಯಾಸನ್ನು ಬಿಸಿ ತಾಮ್ರದ ಚೂರಿನ ಮೇಲೆ ಹಾಯಿಸಿದೆ, ಮುಚ್ಚಳಕ್ಕೆ ಬ್ಯೂಟೈಲ್ ರಬ್ಬರ್. ಮುಚ್ಚಿದ ಮೇಲೆ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಒಳಗೆ ಕಾರ್ಕಳದ ಕಲ್ಲಿನ ಪುಡಿ, ಕುದಿಸಿ ಆರಿಸಿದ ನೀರು, ಅಸಿಟೋನಿನಲ್ಲಿ ತೊಳೆದ ಸ್ಟೀಲ್ ವುಲ್. ಮುಚ್ಚಳಕ್ಕೆ ಗಾಜಿನ ಸಿರಿಂಜ್ ಚುಚ್ಚಿಟ್ಟೆ. ನೀರು ತಿಳಿಯಾಗೇ ಉಳಿಯಿತು, ಉಕ್ಕಿನ ಎಳೆಗಳು ನಿಧಾನಕ್ಕೆ ಕಪ್ಪಾದವು, ಒಂದೆರಡು ತಿಂಗಳಲ್ಲಿ ಸಿರಿಂಜಿನ ದಂಡ ಮೂರ್ನಾಲ್ಕು ಎಂ.ಎಲ್. ಮೇಲೆ ಬಂತು. ಕಬ್ಬಿಣ ನೀರಿನ ಜೊತೆ ಸೇರಿ ಬಿಟ್ಟ ಹೈಡ್ರೋಜನ್! ಉಕ್ಕು ಹಾಕದ ಬಾಟಲಿಯದ್ದು ಅಲುಗಲೇ ಇಲ್ಲ. ನಕ್ಕವರು ಅದನ್ನು ನೋಡಿ ಸುಮ್ನಾದರು.

ಅಳೆಯುವಾಗ ಹುಷಾರು. ಸ್ಯಾಂಪಲನ್ನು ಹೊರಗಿನ ಗಾಳಿಯಲ್ಲಿ ಸೋಸಿದರೆ ಕರಗಿದ ಕಬ್ಬಿಣ ತುಕ್ಕಾಗಿ ಫಿಲ್ಟರಿನಲ್ಲೇ ಕೂರುತ್ತದೆ, ರೀಡಿಂಗ್ ಸೊನ್ನೆ ಹತ್ತಿರ, ಆಮೇಲೆ "ಕರಗುವುದೇ ಇಲ್ಲ" ಅಂತ ವರದಿ ಬರೆಯುತ್ತಾರೆ. ಸೂಜಿಗೇ ಫಿಲ್ಟರ್ ಸಿಕ್ಕಿಸಿ, ಆಸಿಡ್ ಮೊದಲೇ ಹಾಕಿದ, ನೈಟ್ರೋಜನ್ ತುಂಬಿದ ವಯಲಿಗೆ ನೇರ ಇಳಿಸಿ, ಕರಗಿದ ಕಬ್ಬಿಣಕ್ಕೆ ಬಣ್ಣ ಬರಿಸುವ ಫೆನಾಂತ್ರೊಲಿನ್ ಹಾಕಿ, ಬಣ್ಣ ಅಳೆಯುವ ಯಂತ್ರದಲ್ಲಿ 510 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ. ನನಗೆ ಲೀಟರಿಗೆ ಒಂದೆರಡು ಮಿ.ಗ್ರಾಂ. ಆಸುಪಾಸು ಸಿಕ್ಕಿತು.

ಮಧ್ಯೆ ಸುಮ್ನೆ, ಡಬ್ಬಿಯ ತಾಮ್ರ ಏನಾಗುತ್ತದೆ ನೋಡೋಣ ಅಂತ, ತಣ್ಣೀರುಬಾವಿಯ ಸಮುದ್ರದ ನೀರಿನಿಂದ ಗಾಳಿ ತೆಗೆದು ತಾಮ್ರದ ತಗಡು ಹಾಕಿದೆ. ಹೊಳಪು ಹಾಗೇ ಇತ್ತು. ಚಿಟಿಕೆ ಸೋಡಿಯಂ ಸಲ್ಫೈಡ್ ಬಿದ್ದದ್ದೇ ತಡ, ಬೆಳಿಗ್ಗೆಗೆ ಕಡುಗಪ್ಪು. ಯುರೇನಿಯಂ ಮುಟ್ಟಲಿಲ್ಲ, ಅದರ ಪರವಾನಗಿಯ ರಗಳೆ ಯಾರಿಗೆ ಬೇಕು, ಅಲ್ವಾ.

ಈಗ ಬೆಂಟೊನೈಟ್ ಹಾಕಿದ ಬಾಟಲಿಗಳು ಕೂತಿವೆ. ಫಿಲ್ಟರ್ ತಕ್ಷಣ ಕಟ್ಟಿಕೊಳ್ಳುತ್ತದೆ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದವರು ಇದ್ದರೆ ಎಷ್ಟು ಸ್ಪೀಡ್ ಇಟ್ಟಿರಿ ಅಂತ ಹೇಳಿ.