ಹವಳದ ಬಣ್ಣ ಮಾಸದಿರಲು: ಮನೆಯ ಸಮುದ್ರತೊಟ್ಟಿಯ ಆರೈಕೆ

ಅಂಗಡಿಯ ನೀಲಿ ಬೆಳಕಿನಲ್ಲಿ ಹಸಿರು, ನೇರಳೆಯಾಗಿ ಹೊಳೆಯುತ್ತಿದ್ದ ಹವಳದ ತುಂಡು ಮನೆಗೆ ಬಂದ ಒಂದೆರಡು ತಿಂಗಳಲ್ಲಿ ಕಂದಾಗುತ್ತದೆ, ಇಲ್ಲವೇ ಬಿಳಿಚಿಕೊಳ್ಳುತ್ತದೆ. ಸಮುದ್ರತೊಟ್ಟಿಯನ್ನು, ಅಂದರೆ ಉಪ್ಪುನೀರಿನ ಅಕ್ವೇರಿಯಂ ಅನ್ನು, ಹೊಸದಾಗಿ ಇಟ್ಟವರು ಆಗ ಬಣ್ಣ ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವ ಬಾಟಲಿಗಳ ಹಿಂದೆ ಬೀಳುತ್ತಾರೆ. ದುಡ್ಡು ಹೋಗುತ್ತದೆ, ಬಣ್ಣ ಮರಳುವುದಿಲ್ಲ. ಆ ಬಣ್ಣ ಎಲ್ಲಿಂದ ಬರುತ್ತದೆಂದು ತಿಳಿದುಕೊಂಡರೆ ಏನು ಮಾಡಬೇಕೆಂಬುದು ಅರ್ಧ ತಿಳಿದಂತೆಯೇ.

ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶದ ಪಾಚಿ ನೆಲೆಸಿರುತ್ತದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹವಳದ ತ್ಯಾಜ್ಯದಲ್ಲಿರುವ ಸಾರಜನಕ ಮತ್ತು ರಂಜಕವನ್ನು ತಾನು ಪಡೆಯುತ್ತದೆ. ಈ ಪಾಚಿಯ ಬಣ್ಣ ಕಂದು. ನಮ್ಮನ್ನು ಮರುಳು ಮಾಡುವ ಹಸಿರು, ಗುಲಾಬಿ, ನೇರಳೆಗಳು ಬಹುಪಾಲು ಹವಳವೇ ತಯಾರಿಸಿಕೊಳ್ಳುವ ಪ್ರೋಟೀನುಗಳಿಂದ ಬಂದವು. ಪಾಚಿ ಅತಿಯಾದರೆ ಆ ಬಣ್ಣಗಳು ಕಂದಿನಡಿ ಮುಚ್ಚಿಹೋಗುತ್ತವೆ. ಪಾಚಿ ಹೊರಟುಹೋದರೆ ಒಳಗಿನ ಬಿಳಿಯ ಸುಣ್ಣದ ಅಸ್ಥಿಪಂಜರ ಕಾಣಿಸುತ್ತದೆ. ತೊಟ್ಟಿಯ ಆರೈಕೆಯೆಲ್ಲ ಈ ಎರಡು ಅತಿಗಳ ನಡುವೆ ಹವಳವನ್ನು ಉಳಿಸಿಕೊಳ್ಳುವ ಕೆಲಸ.

ಕೊಳ್ಳುವ ಮೊದಲು

ಭಾರತದಲ್ಲಿರುವವರು ಮೊದಲು ಕಾನೂನನ್ನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪುಹವಳ, ಬೆಂಕಿಹವಳ, ಸಮುದ್ರ ಬೀಸಣಿಗೆ ಮೊದಲಾದವನ್ನು ಸೇರಿಸಲಾಯಿತು. ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವಾಗ ಕಂಡ ಹವಳದ ಚೂರನ್ನೂ ಎತ್ತಿಕೊಂಡು ಬರುವಂತಿಲ್ಲ. ಮಶ್ರೂಮ್, ಲೆದರ್, ಝೋವಾಂಥಿಡ್‌ಗಳಂತಹ ಮೃದು ಜಾತಿಗಳನ್ನು ಕೊಳ್ಳುವಾಗಲೂ ಅವು ಎಲ್ಲಿಂದ ಬಂದವೆಂದು ಕೇಳಿ, ಬಿಲ್ಲು ಪಡೆಯಿರಿ. ಅನುಮಾನವಿದ್ದರೆ ಅರಣ್ಯ ಇಲಾಖೆಯನ್ನು ವಿಚಾರಿಸಿ. ಅಮೆರಿಕ, ಯುರೋಪುಗಳಲ್ಲಿರುವ ಕನ್ನಡಿಗರಿಗೆ ತೊಟ್ಟಿಯಲ್ಲಿಯೇ ಬೆಳೆಸಿದ ಕಲ್ಲುಹವಳದ ತುಂಡುಗಳು ಸಿಗುತ್ತವೆ. ಅವನ್ನೇ ಆರಿಸಿಕೊಳ್ಳಿ. ಊರಿಗೆ ಬರುವಾಗ ಸಾಮಾನಿನಲ್ಲಿ ತರಲು ಮಾತ್ರ ಹೋಗಬೇಡಿ, ಪರವಾನಗಿಯಿಲ್ಲದೆ ಕಲ್ಲುಹವಳವನ್ನು ಗಡಿ ದಾಟಿಸುವುದು ಅಂತರರಾಷ್ಟ್ರೀಯ ಒಪ್ಪಂದಕ್ಕೂ ವಿರುದ್ಧ.

ನೀರು ಮತ್ತು ತಾಳ್ಮೆ

ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಆರ್‌ಓ ಘಟಕದಿಂದ ನೀರು ಹೊರಬಂದ ನಂತರ ಹಾಯುವಂತೆ, ಉಳಿದ ಲವಣಗಳನ್ನೂ ತೆಗೆಯುವ ಡಿಐ ಶೋಧಕವನ್ನು ಜೋಡಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮಾಪಕ ಸೊನ್ನೆ ತೋರಿಸುವ ನೀರನ್ನು ಬಳಸಬೇಕು. ಕುಡಿಯುವ ನೀರಿನ ಆರ್‌ಓ ಒಂದೇ ಸಾಲುವುದಿಲ್ಲ. ಹೀಗೆ ಶುದ್ಧಗೊಳಿಸಿದ ನೀರಿಗೆ ಹವಳದ ತೊಟ್ಟಿಗೆಂದೇ ತಯಾರಿಸಿದ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35ರಿಂದ 38 ಗ್ರಾಂನಂತೆ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಅಥವಾ 1.026 ಇರುವಂತೆ ಹೊಂದಿಸಿ. ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟವನ್ನು ಉಪ್ಪು ಬೆರೆಸದ ಅದೇ ಶುದ್ಧ ನೀರಿನಿಂದ ತುಂಬಿಸಬೇಕು.

ಕಲ್ಲು, ಮರಳು ಜೋಡಿಸಿದ ಮೇಲೆ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಯಾವ ಜೀವಿಯನ್ನೂ ಬಿಡಬೇಡಿ. ಮೊದಲು ಗಟ್ಟಿಮುಟ್ಟಾದ ಮೀನು, ಆಮೇಲೆ ಮೃದುಹವಳ. ಅಕ್ರೊಪೊರಾದಂತಹ ಸೂಕ್ಷ್ಮ ಕಲ್ಲುಹವಳಗಳಿಗೆ ತೊಟ್ಟಿ ಪಕ್ವವಾಗಲು ಹಲವು ತಿಂಗಳು ಕಾಯಲೇಬೇಕು. ಈ ಹವ್ಯಾಸದಲ್ಲಿ ಆತುರಕ್ಕೆ ಬೆಲೆ ತೆರುವುದು ಇನ್ನೊಂದು ಜೀವ.

ತಾಪಮಾನ 24ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಮಂಗಳೂರು, ಕಾರವಾರಗಳ ಬೇಸಿಗೆಯಲ್ಲಿ ನೀರನ್ನು ತಣಿಸುವ ಚಿಲ್ಲರ್ ಇಲ್ಲದೆ ಇದು ಸಾಧ್ಯವಿಲ್ಲ. ನೀರಿನ ಮೇಲೆ ಫ್ಯಾನ್ ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ, ತೇವ ತುಂಬಿದ ಕರಾವಳಿ ಗಾಳಿಯಲ್ಲಿ ಅಷ್ಟೂ ಇಳಿಯದು. ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಮುದ್ರದ ಹವಳಗಳೇ ಬಿಳಿಚಿಕೊಳ್ಳುತ್ತವೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳು ಹಾಗೆಯೇ ನಲುಗಿದವು. ಮನೆಯ ಸಣ್ಣ ತೊಟ್ಟಿ ಬಿಸಿಯಾಗಲು ಒಂದು ಮಧ್ಯಾಹ್ನ ಸಾಕು.

ಬೆಳಕು, ಅಲೆ

ಬೆಳಕನ್ನು ದಿನಕ್ಕೆ 8ರಿಂದ 10 ಗಂಟೆ ಕೊಡಿ. ಪಾಚಿಗೆ ಮುಖ್ಯವಾಗಿ ಬೇಕಿರುವುದು 400ರಿಂದ 480 ನ್ಯಾನೋಮೀಟರಿನ ನೀಲಿ ಬೆಳಕು. ಪಾಚಿ ಬಳಸಬಲ್ಲ ಬೆಳಕನ್ನು ಅಳೆಯುವ ಪಾರ್ (PAR) ಮಾಪಕದಲ್ಲಿ ಮಶ್ರೂಮ್‌ಗಳಿಗೆ 50ರಿಂದ 100, ಯೂಫಿಲಿಯಾದಂತಹ ದೊಡ್ಡ ಪಾಲಿಪ್‌ನ (ಪಾಲಿಪ್ ಎಂದರೆ ಹವಳದ ಒಂದೊಂದು ಪುಟ್ಟ ಜೀವಿ) ಹವಳಗಳಿಗೆ 100ರಿಂದ 150, ಅಕ್ರೊಪೊರಾಗೆ 200ರಿಂದ 350 ಸಿಕ್ಕರೆ ಸರಿ. ಹೊಸ ತುಂಡನ್ನು ಕೆಳಗೆ, ಮಬ್ಬಿನಲ್ಲಿ ಇಟ್ಟು ಕೆಲವು ವಾರಗಳಲ್ಲಿ ನಿಧಾನವಾಗಿ ಮೇಲಕ್ಕೆ ತನ್ನಿ. ಬಣ್ಣ ಬರಲೆಂದು ಒಮ್ಮೆಲೇ ದೀಪವನ್ನು ಹೆಚ್ಚಿಸುವುದರಿಂದಲೇ ಎಷ್ಟೋ ಹವಳಗಳು ಸುಟ್ಟುಹೋಗುತ್ತವೆ. ಇನ್ನೊಂದು ಮಾತು: ಬರಿಯ ನೀಲಿ ಬೆಳಕಿನಲ್ಲಿ ನರಳುತ್ತಿರುವ ಹವಳವೂ ಹೊಳೆಯುತ್ತದೆ. ಆರೋಗ್ಯವನ್ನು ಅಳೆಯುವಾಗ ಬಿಳಿ ದೀಪ ಹಾಕಿ ನೋಡಿ.

ಅಲೆ ಒಂದೇ ದಿಕ್ಕಿನಿಂದ ಹೊಡೆಯಬಾರದು. ಪಾಲಿಪ್‌ಗಳು ಅತ್ತಿತ್ತ ತೂಗುತ್ತಿದ್ದರೆ ಸರಿ. ಅಂಗಾಂಶ ಒಂದು ಬದಿಗೆ ಒತ್ತಿಕೊಂಡು ಅಸ್ಥಿ ಕಾಣಿಸಿದರೆ ಹರಿವು ಹೆಚ್ಚಾಯಿತು. ಹವಳದ ಮೇಲೆ ಕಸ ಕೂರುತ್ತಿದ್ದರೆ ಕಡಿಮೆಯಾಯಿತು.

ಎಲ್ಲಕ್ಕಿಂತ ಮೊದಲು ಅಳೆಯಬೇಕಾದದ್ದು

ಒಂದೇ ಒಂದು ಪರೀಕ್ಷಾ ಕಿಟ್ ಕೊಳ್ಳಲು ಸಾಧ್ಯವೆಂದರೆ ಕ್ಷಾರತೆಯದನ್ನು ಕೊಳ್ಳಿ. ಕಲ್ಲುಹವಳ ತನ್ನ ಅಸ್ಥಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಅದಕ್ಕೆ ಬೇಕಾದ ಕಾರ್ಬೊನೇಟು ನೀರಿನಲ್ಲಿ ಎಷ್ಟಿದೆಯೆಂದು ಕ್ಷಾರತೆ ತೋರಿಸುತ್ತದೆ, ಅದರ ಅಳತೆಯ ಮಾನ ಡಿಕೆಎಚ್ (dKH). ಕ್ಷಾರತೆ 1 ಡಿಕೆಎಚ್ ಖರ್ಚಾದಾಗ ಲೀಟರಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರ ಖರ್ಚಾಗುತ್ತದೆ. ಕ್ಯಾಲ್ಸಿಯಂ 420 ಇರುವ ತೊಟ್ಟಿಯಲ್ಲಿ ಆ 7 ಕಣ್ಣಿಗೇ ಬೀಳದು, ಕ್ಷಾರತೆ 8ರಿಂದ 7ಕ್ಕೆ ಇಳಿದದ್ದು ಮಾತ್ರ ಹವಳಕ್ಕೆ ತಟ್ಟನೆ ತಟ್ಟುತ್ತದೆ. ಸಮುದ್ರದಲ್ಲಿ ಅದು ಸುಮಾರು 7 ಇರುತ್ತದೆ, ತೊಟ್ಟಿಯಲ್ಲಿ 7ರಿಂದ 9ರ ನಡುವೆ ಯಾವುದಾದರೂ ಒಂದು ಅಂಕಿಯನ್ನು ಆರಿಸಿಕೊಂಡು ಅಲ್ಲಿಯೇ ನಿಲ್ಲಿಸಿ. ನನ್ನ ದೃಷ್ಟಿಯಲ್ಲಿ ಅಂಕಿ ಯಾವುದೆನ್ನುವುದಕ್ಕಿಂತ ಅದು ಅಲುಗಾಡದಿರುವುದೇ ಮುಖ್ಯ.

ಮಾಡುವ ವಿಧಾನ ಹೀಗಿದೆ. ಒಂದು ವಾರ ಪ್ರತಿದಿನ ಅದೇ ಹೊತ್ತಿಗೆ ಕ್ಷಾರತೆಯನ್ನು ಅಳೆದು ಬರೆದಿಡಿ. 200 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ಅರ್ಧ ಡಿಕೆಎಚ್ ಇಳಿಯುತ್ತಿದೆ ಎಂದುಕೊಳ್ಳಿ. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಶುದ್ಧ ಅಡುಗೆ ಸೋಡಾ ಬೇಕು, ಆದ್ದರಿಂದ ಈ ತೊಟ್ಟಿಗೆ ದಿನಕ್ಕೆ 3 ಗ್ರಾಂ. ಅದನ್ನು ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಿ, ಹರಿವು ಜೋರಾಗಿರುವಲ್ಲಿ ನಿಧಾನವಾಗಿ ಸುರಿಯಿರಿ. ಬೇಕಿಂಗ್ ಪೌಡರ್ ಬೇರೆಯೇ ವಸ್ತು, ಅದು ಕೂಡದು. ಒಂದು ದಿನದಲ್ಲಿ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಮಿಲಿಗ್ರಾಂ ಇದ್ದರೆ ಸಾಕು, ವಾರಕ್ಕೊಮ್ಮೆ ನೋಡಿದರೂ ನಡೆಯುತ್ತದೆ.

ಸುಣ್ಣದ ತಿಳಿನೀರು ಇನ್ನೊಂದು ಒಳ್ಳೆಯ ದಾರಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಲೀಟರಿಗೆ ಸುಮಾರು ಒಂದೂವರೆ ಗ್ರಾಂನಂತೆ ಶುದ್ಧ ನೀರಿಗೆ ಬೆರೆಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ರಾತ್ರಿಯಿಡೀ ಹನಿಹನಿಯಾಗಿ, ಆವಿಯಾದ ನೀರಿಗೆ ಬದಲಾಗಿ ತೊಟ್ಟಿಗೆ ಬಿಡುತ್ತಾರೆ. ಕ್ಯಾಲ್ಸಿಯಂ, ಕ್ಷಾರತೆ ಎರಡೂ ಹವಳ ಬಳಸುವ ಅನುಪಾತದಲ್ಲಿಯೇ ಸೇರುತ್ತವೆ. ಇದರ ಪಿಎಚ್ 12ಕ್ಕೂ ಮೇಲಿರುವುದರಿಂದ ಒಮ್ಮೆಲೇ ಸುರಿದರೆ ತೊಟ್ಟಿಯೇ ನಾಶವಾದೀತು. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿ ಏನೇನು ಬೆರೆತಿರುತ್ತದೋ ತಿಳಿಯದು, ಅದನ್ನು ಬಳಸಬೇಡಿ.

ಅತಿ ಶುದ್ಧತೆಯ ಅಪಾಯ

ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಯಾಗಬೇಕೆಂಬ ಹಟ ಇಂದಿಗೂ ಹವಳಗಳನ್ನು ಕೊಲ್ಲುತ್ತಿದೆ. ಪೋಷಕಾಂಶವೇ ಇಲ್ಲದಿದ್ದರೆ ಪಾಚಿ ಸೊರಗಿ, ಹವಳ ಪೇಲವವಾಗುತ್ತದೆ. ಖಾಲಿಯಾದ ಜಾಗಕ್ಕೆ ಡೈನೋಫ್ಲಾಜೆಲೇಟ್‌ಗಳೆಂಬ ಏಕಕೋಶ ಜೀವಿಗಳ ಕಂದು ಲೋಳೆ ಹಬ್ಬುತ್ತದೆ. ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಇರಲಿ. ಮೀರಿದಾಗ ಕಂದು ಹೆಚ್ಚುತ್ತದೆ. ಆಗ ಮೀನಿನ ಆಹಾರವನ್ನು ತುಸು ಇಳಿಸಿ, ಕೊಳೆಯನ್ನು ನೊರೆಯಾಗಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್ ತೊಳೆದು, ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತಾ ಬನ್ನಿ. ಕಡಿಮೆಯಾದಾಗ ಮೀನುಗಳಿಗೆ ಚೆನ್ನಾಗಿ ತಿನ್ನಿಸಿ. ಮೀನಿನ ತ್ಯಾಜ್ಯವೇ ಹವಳಕ್ಕೆ ಸಾರಜನಕ. ದೊಡ್ಡ ಪಾಲಿಪ್‌ನ ಹವಳಗಳಿಗೆ ವಾರಕ್ಕೊಂದೆರಡು ರಾತ್ರಿ, ಪಂಪು ನಿಲ್ಲಿಸಿ, ಸಣ್ಣ ಸೀಗಡಿ ಚೂರುಗಳನ್ನೂ ಕೊಡಬಹುದು.

ತೊಟ್ಟಿಗೆ ಇಳಿಸುವಾಗ

ಹೊಸ ತುಂಡನ್ನು ಮೊದಲು ಹವಳಕ್ಕೆಂದೇ ಮಾರುವ ಔಷಧ ದ್ರಾವಣದಲ್ಲಿ ಅದ್ದಿ, ಚಪ್ಪಟೆಹುಳು ಮತ್ತು ಅದರ ಮೊಟ್ಟೆಗಳನ್ನು ಹುಡುಕಿ ತೆಗೆಯಿರಿ. ಯೂಫಿಲಿಯಾ ರಾತ್ರಿ ಉದ್ದನೆಯ ಕುಟುಕು ಬಾಹುಗಳನ್ನು ಚಾಚುತ್ತದೆ, ನೆರೆಯವರಿಂದ ಒಂದು ಗೇಣು ದೂರವಿಡಿ. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧ ಹವಳಕ್ಕೆ ವಿಷ.

ಝೋವಾಂಥಿಡ್ ಮತ್ತು ಅದೇ ಬಳಗದ ಪಾಲಿಥೋವಾಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಪ್ರಬಲ ವಿಷವಿದೆ. ಕೈಗವಸು, ಕನ್ನಡಕವಿಲ್ಲದೆ ಅವನ್ನು ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲೆಂದು ಎಂದಿಗೂ ಕುದಿಸಬೇಡಿ. ಆ ಹಬೆ ಉಸಿರಾಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ.

ಬಿಳಿಚಿದರೆ ಏನು ಮಾಡಬೇಕು

ಬಿಳಿಚಿದ ಹವಳವೆಲ್ಲ ಸತ್ತದ್ದಲ್ಲ. ಹತ್ತಿರದಿಂದ ನೋಡಿ: ಪಾರದರ್ಶಕ ಅಂಗಾಂಶ ಇನ್ನೂ ಅಸ್ಥಿಯನ್ನು ಹೊದ್ದಿದ್ದರೆ, ಪಾಲಿಪ್ ಸ್ವಲ್ಪವಾದರೂ ತೆರೆದುಕೊಳ್ಳುತ್ತಿದ್ದರೆ ಅದು ಬದುಕಿದೆ, ಹಸಿದಿದೆ. ಅದನ್ನು ಅರೆನೆರಳಿಗೆ ಇಳಿಸಿ, ತಾಪಮಾನ ಮತ್ತು ಲವಣಾಂಶವನ್ನು ಪರೀಕ್ಷಿಸಿ, ರಾತ್ರಿ ಸಣ್ಣ ಪ್ರಮಾಣದಲ್ಲಿ ಆಹಾರ ಕೊಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ವಾರ ಕಾದು ಮುಂದಿನದನ್ನು ಯೋಚಿಸಿ. ಪಾಚಿ ಮರಳುವಾಗ ಹವಳ ಮೊದಲು ಕಂದಾಗುತ್ತದೆ, ಬಣ್ಣ ಆಮೇಲೆ ತಿಂಗಳುಗಳಲ್ಲಿ ಏರುತ್ತದೆ. ಬುಡದಿಂದ ಅಂಗಾಂಶ ಕಳಚಿ ಬರಿಯ ಅಸ್ಥಿಯ ಮೇಲೆ ಹಸಿರು ಪಾಚಿ ಕಟ್ಟಿದ್ದರೆ ಆ ಭಾಗ ಸತ್ತಿದೆ. ಅದರಿಂದ ಒಂದು ಬೆರಳಗಲ ಮೇಲೆ, ಆರೋಗ್ಯದ ಅಂಗಾಂಶ ಇರುವಲ್ಲಿ ಕತ್ತರಿಸಿ, ಉಳಿದ ತುದಿಯನ್ನು ಹೊಸ ಕಲ್ಲಿಗೆ ಅಂಟಿಸಿ.