ಒಂದೇ ಬೈಂಡಿಂಗಿಗೆ ಎರಡು ಜೊತೆ ಬೂಟು: ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹನ್ನೊಂದು ದಿನ ಇದ್ದೆ. ಆರು ದಿನ ಇಳಿಜಾರಿನಲ್ಲಿ ಜಾರಲೆಂದೇ ಮಾಡಿದ ಆಲ್ಪೈನ್ ಬೂಟು, ಐದು ದಿನ ನಡೆದು ಹತ್ತಲೂ ಆಗುವ ಟೂರಿಂಗ್ ಬೂಟು. ಸ್ಕೀ ಒಂದೇ ಜೊತೆ, ಬೂಟನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗೂ ಒಂದೇ ಜೊತೆ. ಬಿಚ್ಚಿಕೊಳ್ಳಬೇಕಾದಾಗ ಬಿಚ್ಚಿಕೊಂಡಿತು, ಬೇಡದ ಕಡೆ ಒಂದು ಸಲವೂ ಕೈಕೊಡಲಿಲ್ಲ. ಮೂರು ವರ್ಷದಿಂದ "ಆಗಲ್ಲ ಬಿಡಿ, ಪಿನ್ ಬೈಂಡಿಂಗ್ ಹಾಕಿದ ಇನ್ನೊಂದು ಜೊತೆ ತಗೊಳ್ಳಿ" (ಪಿನ್ ಬೈಂಡಿಂಗ್ ಅಂದರೆ ಬೂಟಿನ ತೂತಿಗೆ ಪಿನ್ ಸಿಕ್ಕಿಸಿ ಹಿಡಿಯುವ ಬಗೆ) ಅನ್ನುತ್ತಿದ್ದ ಗೆಳೆಯರೇ ಈಗ ಫೋನ್ ಮಾಡಿ ಸ್ಕ್ರೂ ಎಷ್ಟು ಸುತ್ತು ಅಂತ ಕೇಳುತ್ತಿದ್ದಾರೆ.

ನಾನು ತುಮಕೂರಿನಲ್ಲಿ ಲೇತ್, ಮಿಲ್ಲಿಂಗ್ ಇಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುವವನು. ಕೈಕೆಲಸ ಕಲಿತದ್ದು ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರ ಹತ್ತಿರ. ಅರ್ಧ ಮಿಲಿಮೀಟರ್ ಅಂದರೆ ಅವರ ಲೆಕ್ಕದಲ್ಲಿ ಹಳ್ಳ. ಆ ಕಣ್ಣು ನನಗೂ ಬಂದಿದೆ, ಈ ಕೆಲಸಕ್ಕೆ ಬಂದದ್ದೂ ಅದೇ.

ಮೊದಲ ವರ್ಷದ ಪಾಠಕ್ಕೆ ಮೊಣಕಾಲು ತೆತ್ತೆ. ಬಾಡಿಗೆ ಸ್ಕೀಗೆ ಬರೀ ಆಲ್ಪೈನ್ ಬೈಂಡಿಂಗ್ ಇತ್ತು, ನನ್ನ ಕಾಲಲ್ಲಿ ಟೂರಿಂಗ್ ಬೂಟು. ಅಂಗಡಿಯವನು ಒತ್ತಿ ಕೂರಿಸಿ "ಹೋಗ್ತದೆ" ಅಂದ, ನಾನೂ ನಂಬಿದೆ. ಆಲ್ಪೈನ್ ಬೂಟಿನ ಐಎಸ್‌ಒ 5355 ಮಾನದಂಡದ ಗಟ್ಟಿ ಪ್ಲಾಸ್ಟಿಕ್ ಅಟ್ಟೆಗೆ ಮಾಡಿದ ಜಾಗದಲ್ಲಿ ಟೂರಿಂಗ್ ಬೂಟಿನ 9523 ಮಾನದಂಡದ ಬಾಗಿದ ರಬ್ಬರ್ ಅಟ್ಟೆ ತುರುಕಿದರೆ ಕ್ಲಿಕ್ ಅನ್ನುತ್ತದೆ, ನಿಜ. ಆದರೆ ರಬ್ಬರು ಎಎಫ್‌ಡಿಯನ್ನು, ಅಂದರೆ ಬೂಟಿನ ಮುಂಭಾಗ ಪಕ್ಕಕ್ಕೆ ಜಾರಲೆಂದು ಅಟ್ಟೆಯಡಿ ಇರುವ ತಟ್ಟೆಯನ್ನು, ಹಿಡಿದುಕೊಂಡುಬಿಡುತ್ತದೆ. ನಿಧಾನಕ್ಕೆ ತಿರುಚಿಕೊಂಡು ಬಿದ್ದೆ, ಸ್ಕೀ ಕಾಲು ಬಿಡಲೇ ಇಲ್ಲ. ಮೊಣಕಾಲಿನ ಒಳಬದಿಯ ಲಿಗಮೆಂಟ್ ಎಳೆದು ಎರಡೂವರೆ ತಿಂಗಳು ವರ್ಕ್‌ಶಾಪಿನಲ್ಲಿ ಕುರ್ಚಿ ಹಾಕಿಕೊಂಡೇ ಕೆಲಸ ಮಾಡಿದೆ.

ಆ ಕುರ್ಚಿಯಲ್ಲಿ ಕೂತೇ ಲೆಕ್ಕ ಹಾಕಿದ್ದು. ಪಿನ್ ಬೈಂಡಿಂಗ್ ಜೊತೆ ಇನ್ನೊಂದು ಸ್ಕೀ, ಹತ್ತುವಾಗ ಜಾರದಂತೆ ಸ್ಕೀಯಡಿ ಅಂಟಿಸುವ ಸ್ಕಿನ್ ಎಲ್ಲ ಸೇರಿದರೆ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಮೇಲೆ ವಿಮಾನದಲ್ಲಿ ಎರಡು ಜೊತೆ ಸ್ಕೀ ಹೊರುವ ಲಗೇಜಿನ ಹಣ. ಬದಲಿಗೆ ಈಗ ಯಾರೂ ಮೂಸಿ ನೋಡದ ಹಳೆಯ ಫ್ರೇಮ್ ಬೈಂಡಿಂಗ್ (ಹತ್ತುವಾಗ ಬೂಟಿನ ಜೊತೆ ಚೌಕಟ್ಟೂ ಹಿಮ್ಮಡಿ ಕಡೆ ಏಳುವಂಥದ್ದು), ಮಾರ್ಕರ್ ಕಂಪನಿಯ ಬ್ಯಾರನ್, ಸೆಕೆಂಡ್ ಹ್ಯಾಂಡ್ ತರಿಸಿದೆ. ಜರ್ಮನಿಯಲ್ಲಿರುವ ಗೆಳೆಯನ ಮಗ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಹದಿಮೂರೋ ಹದಿನಾಲ್ಕೋ ಸಾವಿರ ಬಿತ್ತು. ಭಾರ ಹೌದು, ಒಂದು ಜೊತೆ ಎರಡೂವರೆ ಕಿಲೋ ಮೇಲೇ ಇದೆ. ಆದರೆ ಎಎಫ್‌ಡಿ ಎತ್ತರ ಸ್ಕ್ರೂನಲ್ಲಿ ಏರಿಳಿಯುತ್ತದೆ, ಎರಡೂ ಬಗೆಯ ಅಟ್ಟೆ ಒಪ್ಪುತ್ತದೆ. ಬೂಟಿನಲ್ಲಿ ಪಿನ್ ತೂತು ಇರಲೇಬೇಕೆಂಬ ಹಟವೂ ಇಲ್ಲ.

ನನ್ನ ಆಲ್ಪೈನ್ ಬೂಟಿನ ಅಟ್ಟೆ 306 ಮಿಮೀ, ಟೂರಿಂಗ್ 297. ಎರಡೂ 265ರಿಂದ 325ರ ಸಣ್ಣ ಫ್ರೇಮಿಗೆ ಸರಿ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕೆಂದು ಹೇಳುವ ಡಿನ್ ಪಟ್ಟಿಯಲ್ಲೂ ಎರಡೂ 291–310ರ ಒಂದೇ ಕಾಲಮ್ಮಿಗೆ ಬೀಳುತ್ತವೆ, ನನ್ನ 74 ಕಿಲೋಗೆ, ಮೂರನೇ ದರ್ಜೆಯ, ಅಂದರೆ ಜೋರಾಗಿ ಹೋಗುವ, ಸವಾರನಿಗೆ, 6. ಬೈಂಡಿಂಗಿನ ಹಿಮ್ಮಡಿ ಭಾಗ ಮಾತ್ರ ಸರಿಸುವುದರಿಂದ ಬೂಟು ಬದಲಿಸಿದಾಗ ಮಧ್ಯದ ಗುರುತು ನಾಲ್ಕೂವರೆ ಮಿಲಿಮೀಟರ್ ಜರುಗುತ್ತದೆ. ತೂತು ಹಾಕುವಾಗ ಆ ವ್ಯತ್ಯಾಸವನ್ನು ಅರ್ಧರ್ಧ ಹಂಚಿಬಿಟ್ಟೆ. ಸ್ಕೀ ಮೇಲೆ ನಿಂತಾಗ ಗೊತ್ತೇ ಆಗಲಿಲ್ಲ. ಡ್ರಿಲ್ ಬಿಟ್ಟಿಗೆ 9 ಮಿಮೀ ಸ್ಟಾಪರ್ ನಾನೇ ತಿರುವಿಕೊಂಡೆ.

ನಿಜವಾದ ಕೆಲಸ ಶುರುವಾದದ್ದು ಅಳತೆಯಲ್ಲಿ. ಸೂಜಿ 6ರ ಮೇಲೆ ನಿಂತರೆ ಬೈಂಡಿಂಗ್ ಆರಕ್ಕೇ ಬಿಡುತ್ತದೆ ಅಂತೇನಿಲ್ಲ. ಪಟ್ಟಿಯ ಪ್ರಕಾರ ನನಗೆ ತಿರುಚುವ ಬಲ ಸುಮಾರು 58 ನ್ಯೂಟನ್ ಮೀಟರಿಗೆ ಬಿಡಬೇಕು. ಅಳೆಯುವ ಯಂತ್ರ ಇಲ್ಲೆಲ್ಲಿ ಸಿಗಬೇಕು? ಬೂಟಿನೊಳಗೆ ತುರುಕಲು ಮರದ ಕಾಲು ಕೆತ್ತಿಸಿ, ಮೇಲ್ತುದಿಗೆ ತಿರುಚುವ ಬಲವನ್ನು ಮುಳ್ಳಿನಲ್ಲಿ ತೋರಿಸುವ ಬೀಮ್ ಟಾರ್ಕ್ ವ್ರೆಂಚ್ ಸಿಕ್ಕಿಸಿದೆ. ಕ್ಲಿಕ್ ಮಾದರಿಯದು ಬೇಡ, ಅದು ಇಟ್ಟ ಅಂಕಿ ದಾಟಿತೋ ಇಲ್ಲವೋ ಅಷ್ಟೇ ಹೇಳುತ್ತದೆ. ಮೊದಲು ಸಿಲ್ವರ್ ಓಕಿನಲ್ಲಿ ಮಾಡಿಸಿದ ಕಾಲು ಮೂರನೇ ತಿರುವಿಗೆ ಸೀಳಿತು. ಎರಡನೆಯದು ಜಾಲಿ ಮರದ್ದು, ಬಡಗಿಗೆ ಒಂಬೈನೂರು ಕೊಟ್ಟೆ, ಇವತ್ತಿಗೂ ಗಟ್ಟಿಯಾಗಿದೆ. ಮರದ ಕಾಲಿನ ಹಿಮ್ಮಡಿ ಬೂಟಿನೊಳಗೆ ಅಲುಗದ ಹಾಗೆ ಹೇಗೆ ಕೂರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ. ವೈಸ್‌ಗೆ ರಬ್ಬರ್ ಹಾಕದೆ ಸ್ಕೀ ಬಿಗಿದು ಎಡಗಡೆಯದರ ಅಂಚು ನಜ್ಜಿಸಿಕೊಂಡದ್ದೂ ಆಗಲೇ. ಈಗ ಸ್ಕೂಟರ್ ಟ್ಯೂಬ್ ಮಡಚಿ ಹಾಕುತ್ತೇನೆ.

ಆಲ್ಪೈನ್ ಬೂಟು ಮೊದಲ ದಿನವೇ 56, 59, 57 ತೋರಿಸಿತು. ಟೂರಿಂಗ್ ಬೂಟು ಎಡಕ್ಕೆ 80, ಬಲಕ್ಕೆ 71. ಮೊಣಕಾಲು ಹೋದದ್ದು ಯಾಕೆ ಅಂತ ಆ ಸಂಜೆ ಕಣ್ಣಾರೆ ಕಂಡೆ. ರಬ್ಬರ್ ಅಟ್ಟೆಗೆ ಟೆಫ್ಲಾನ್ ಪಟ್ಟಿ ಅಂಟಿಸಿದೆ, ಎರಡೇ ಸಲಕ್ಕೆ ಸಿಪ್ಪೆಯ ಹಾಗೆ ಎದ್ದು ಬಂತು. ಅಟ್ಟೆ ಉಜ್ಜಿ ಸಮ ಮಾಡುವ ಆಸೆ ಬಂದಿತ್ತು, ಪುಣ್ಯಕ್ಕೆ ಮಾಡಲಿಲ್ಲ. ಉಜ್ಜಿದರೆ ಅಟ್ಟೆಯ ಅಳತೆಯೇ ಕೆಡುತ್ತದೆ. ಪರಿಹಾರ ಎಎಫ್‌ಡಿ ಎತ್ತರದಲ್ಲೇ ಇತ್ತು. ತಟ್ಟೆ ಇಳಿಸುತ್ತಾ ಬಂದು, ಅಟ್ಟೆಗೂ ತಟ್ಟೆಗೂ ನಡುವೆ ಅರ್ಧ ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸ್ವಲ್ಪವೇ ತಡೆದು ಜಾರುವ ಹಾಗೆ ನಿಲ್ಲಿಸಿದೆ. 62, 61.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಬೂಟು ಕಾಲಿಗೆ ಪಳಗಲಿ ಅಂತ ಮೂರು ಭಾನುವಾರ ಅದನ್ನೇ ಹಾಕಿಕೊಂಡು ದೇವರಾಯನದುರ್ಗ ಹತ್ತಿದೆ. ಜನ ತಿರುಗಿ ತಿರುಗಿ ನೋಡಿದರು, ನೋಡಲಿ. ವಾಪಸು ಬಂದು ಅಳೆದರೆ 74! ಬೂಟು ಕವುಚಿ ಹಿಡಿದು ಬೆಳಕಿಗೆ ನೋಡಿದೆ. ಅಟ್ಟೆಯ ಗೀರುಗಳಲ್ಲಿ ಕೆಮ್ಮಣ್ಣು, ಅದರೊಳಗೆ ಸಾಸಿವೆಗಿಂತ ಸಣ್ಣ ಬೆಣಚುಕಲ್ಲಿನ ಹರಳು. ಎಎಫ್‌ಡಿಯ ಸ್ಟೀಲ್ ತಟ್ಟೆಯ ಮೇಲೆ ಅವೇ ಹರಳು ಎಳೆದ ಮೂರು ಗೆರೆ. ಹಳೆ ಟೂತ್‌ಬ್ರಷ್‌ನಲ್ಲಿ ಸೋಪುನೀರು ಹಾಕಿ ತಿಕ್ಕಿ, ಒಣಗಿಸಿ ಮತ್ತೆ ಅಳೆದೆ: 62. ಅಂದಿನಿಂದ ಬೂಟಿಗೊಂದು ಬ್ರಷ್, ಬೈಂಡಿಂಗಿಗೊಂದು ಬ್ರಷ್.

ಇನ್ನೊಂದು ಪ್ರಯೋಗ, ಇದಕ್ಕೆ ನೇರ ಸಂಬಂಧ ಇಲ್ಲದಿದ್ದರೂ ಹೇಳಬೇಕು. ಪರಿಚಯದ ಐಸ್‌ಕ್ರೀಂ ವಿತರಕರ ಡೀಪ್ ಫ್ರೀಜರಿನಲ್ಲಿ, ಮೈನಸ್ 18ರಲ್ಲಿ, ಎರಡೂ ಬೂಟು ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ತೆಗೆದು ಓಡಿ ಬಂದು ಅಳೆದರೆ ಬಿಡುವ ಬಲದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ, ಎರಡೋ ಮೂರೋ. ಆದರೆ ಪಾಲಿಯುರೆಥೇನ್ ಆಲ್ಪೈನ್ ಬೂಟು ಕಲ್ಲಾಗಿತ್ತು, ಪೆಬ್ಯಾಕ್ಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಟೂರಿಂಗ್ ಬೂಟು ಸುಮಾರಾಗಿ ಹಾಗೇ ಇತ್ತು. ಗುಲ್ಮಾರ್ಗ್‌ನಲ್ಲಿ ಆಲ್ಪೈನ್ ಬೂಟನ್ನು ರಾತ್ರಿ ಬುಖಾರಿ (ಕೋಣೆ ಕಾಯಿಸುವ ಒಲೆ) ಇರುವ ಕೋಣೆಯಲ್ಲೇ ಇಡುವುದು ಇದಕ್ಕೇ.

ಅಲ್ಲಿ ನನ್ನ ದಿನಚರಿ ಹೀಗಿತ್ತು: ಗೊಂಡೋಲಾ ಕೇಬಲ್ ಕಾರಿನಲ್ಲಿ ಅಫರ್ವಾತ್ ಬೆಟ್ಟಕ್ಕೆ ಹೋಗಿ ಇಳಿಯುವ ದಿನ ಆಲ್ಪೈನ್, ಕಾಡಿನಲ್ಲಿ ಸ್ಕಿನ್ ಹಾಕಿ ಹತ್ತುವ ದಿನ ಟೂರಿಂಗ್. ಹಿಂದಿನ ರಾತ್ರಿ ಪೋಜಿಡ್ರೈವ್ 3 ಸ್ಕ್ರೂಡ್ರೈವರ್ ಹಿಡಿದು ಕೂತರೆ ಎರಡೂ ಸ್ಕೀಗೆ ಸೇರಿ ಹನ್ನೆರಡು ನಿಮಿಷ. ಮೊದಲು ಹಿಮ್ಮಡಿ ಭಾಗ, ಬೂಟನ್ನು ಮುಂದಕ್ಕೆ ಒತ್ತುವ ಬಲ ಸರಿಯಿದೆಯೇ ಎಂದು ತೋರಿಸುವ ಫಾರ್ವರ್ಡ್ ಪ್ರೆಷರ್ ಸ್ಕ್ರೂ ತಲೆ ಹೌಸಿಂಗ್ ಅಂಚಿಗೆ ಸಮ ಬರುವವರೆಗೆ. ಆಮೇಲೆ ಎಎಫ್‌ಡಿ. ಎಷ್ಟು ಸುತ್ತು ಅನ್ನುವುದು ನನ್ನ ಡೈರಿಯಲ್ಲಿದೆ, ಅಲ್ಲೇ ಇರಲಿ. ನಿಮ್ಮ ಬೂಟು ಬೇರೆ, ಸವೆತ ಬೇರೆ, ಗೇಜ್ ಇಟ್ಟು ನೀವೇ ಅಳೆಯಬೇಕು. ಮುಂಭಾಗದಲ್ಲಿ ಪೂರ್ಣ ತುಟಿಯಿಲ್ಲದ ಹಗುರ ರೇಸ್ ಬೂಟುಗಳನ್ನಂತೂ ಇದಕ್ಕೆ ತರಲೇಬೇಡಿ, ಅವು 9523 ಅಲ್ಲ.

ಒಂದು ತೊಂದರೆ ಉಳಿದಿದೆ. ಹತ್ತುವಾಗ ಫ್ರೇಮಿನ ಕೆಳಗೆ ಹಿಮ ಸೇರಿ ಗಟ್ಟಿಯಾಗುತ್ತದೆ, ಇಳಿಯಲು ಲಾಕ್ ಮಾಡಹೋದರೆ ಲಿವರ್ ಕೂರುವುದಿಲ್ಲ. ಈ ಬೈಂಡಿಂಗಿನಲ್ಲಿ ಸ್ಕೀ ಕಳಚಿಯೇ ಮೋಡ್ ಬದಲಿಸಬೇಕಾದ್ದರಿಂದ ಹೇಗೂ ಕೈಗೆ ಸಿಗುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯುತ್ತೇನೆ.

ಒಂಬತ್ತನೇ ದಿನ ಕಾಡಿನಲ್ಲಿ, ಟೂರಿಂಗ್ ಬೂಟಿನಲ್ಲಿ, ಮೇಲ್ಪದರ ಹೆಪ್ಪುಗಟ್ಟಿದ ಹಿಮಕ್ಕೆ ಎಡಗಡೆ ಸ್ಕೀಯ ತುದಿ ಸಿಕ್ಕಿಕೊಂಡಿತು. ಮೂರು ವರ್ಷದ ಹಿಂದಿನದೇ ನಿಧಾನದ ತಿರುಚು, ಅದೇ ಮೊಣಕಾಲು. ಟಕ್ ಅಂತ ಬಿಟ್ಟಿತು. ಮೊಣಕಾಲಿಗೆ ಏನೂ ಆಗಲಿಲ್ಲ. ಹಿಮದಲ್ಲೇ ಕೂತು ಸ್ವಲ್ಪ ಹೊತ್ತು ಆ ಸ್ಕೀ ನೋಡಿದೆ. ತುಮಕೂರಿಗೆ ಬಂದ ಮರುದಿನವೇ ಜಾಲಿ ಕಾಲು ತೊಡಿಸಿ ಅಳೆದೆ: ಆಲ್ಪೈನ್ 58, ಟೂರಿಂಗ್ 63.