ಸೌದೆ ಒಲೆಯ ಜಾಲರಿ, ತಗಡು, ಇಟ್ಟಿಗೆ ಬೇಗ ಸುಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ

ನಮ್ಮ ಕಬ್ಬಿಣದ ಸೌದೆ ಒಲೆಯ ಜಾಲರಿ ಒಂದೇ ಚಳಿಗಾಲಕ್ಕೆ ಹಳೇ ಮಂಚದ ಹಾಗೆ ನಡುವೆ ಜೋತುಬಿತ್ತು. ಬೆಂಕಿ ಜಾಸ್ತಿ ಆಯಿತೇನೋ ಅಂದುಕೊಂಡೆ. ಆಮೇಲೆ ಕೆಳಗಿನ ಬೂದಿ ತಟ್ಟೆ ಎಳೆಯೋಕೆ ಹೋದರೆ ಬರಲೇ ಇಲ್ಲ. ಬೂದಿ ಗುಡ್ಡೆ ಬಿದ್ದು ಜಾಲರಿಯ ತಳಕ್ಕೇ ತಾಗಿಕೊಂಡಿತ್ತು.

ತಪ್ಪು ಅಲ್ಲೇ ಇತ್ತು. ಕೆಳಗಿನಿಂದ ಬರುವ ತಣ್ಣನೆಯ ಗಾಳಿ ಬೆಂಕಿ ಉರಿಸೋದಕ್ಕೆ ಮಾತ್ರ ಅಂತ ನಾನು ತಿಳಿದಿದ್ದೆ. ಆದರೆ ಜಾಲರಿಯನ್ನು ತಣ್ಣಗಿಡುವುದೂ ಅದೇ ಗಾಳಿ. ತಟ್ಟೆ ತುಂಬಿದರೆ ಗಾಳಿಯ ದಾರಿ ಕಟ್ಟಿಹೋಗುತ್ತದೆ, ಮೇಲೆ ಕೆಂಡ, ಕೆಳಗೆ ಕಂಬಳಿ ಹೊದಿಸಿದ ಹಾಗೆ ಬೂದಿ, ನಡುವೆ ಸಿಕ್ಕಿಕೊಂಡ ಕಬ್ಬಿಣಕ್ಕೆ ಬಿಸಿ ಬಿಡೋಕೆ ಜಾಗವೇ ಇರುವುದಿಲ್ಲ. ಬೀಡು ಕಬ್ಬಿಣ ಕರಗಬೇಕಾದರೆ 1,150 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಬೇಕು ನಿಜ. ಆದರೆ ಹಾಳಾಗೋಕೆ ಕರಗಲೇಬೇಕು ಅಂತೇನಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ, ಬಾಗಿ, ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹಾಗಾಗಿ ಮೊದಲ ಕೆಲಸ: ತಟ್ಟೆಯನ್ನು ತುಂಬೋಕೆ ಬಿಡಬೇಡಿ. ದಿನಾ ಉರಿಸುವವರು ದಿನಾ ನೋಡಿ. ಆದರೆ ಜಾಲರಿಯ ಮೇಲಿನ ಬೂದಿಯನ್ನು ಗುಡಿಸಿ ಲಕಲಕ ಅನ್ನಿಸಬೇಡಿ. ಅಲ್ಲಿ ಎರಡು ಮೂರು ಸೆಂಟಿಮೀಟರ್ ಬೂದಿ ಇರಲಿ. ಕೆಂಡ ನೇರವಾಗಿ ಕಬ್ಬಿಣಕ್ಕೆ ತಾಗುವುದಿಲ್ಲ, ಸೌದೆಯೂ ಬೂದಿಯ ಹಾಸಿನ ಮೇಲೆ ಚೆನ್ನಾಗಿ ಉರಿಯುತ್ತದೆ. ಮೇಲಿನದು ಬೇಕು, ಕೆಳಗಿನದು ಬೇಡ, ಅಷ್ಟೇ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ ಮನೆಯ ಹೊರಗಿಡಿ. ತಣ್ಣಗಾಗಿದೆ ಅಂತ ಕಂಡರೂ ಒಳಗೆ ಒಂದೆರಡು ಕೆಂಡ ದಿನಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.

ಇನ್ನೊಂದು ಕೆಟ್ಟ ಅಭ್ಯಾಸ, ಬೆಂಕಿ ಬೇಗ ಹತ್ತಲಿ ಅಂತ ಬೂದಿ ತಟ್ಟೆಯ ಬಾಗಿಲನ್ನು ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗುವುದು. ಅದು ಕಮ್ಮಾರನ ಕುಲುಮೆಗೆ ತಿದಿ ಒತ್ತಿದ ಹಾಗೆ. ಕೆಳಗಿನಿಂದ ನುಗ್ಗಿದ ಗಾಳಿ ಕೆಂಡವನ್ನು ಬಿಳಿಚಿಕೊಳ್ಳುವಷ್ಟು ಕಾಯಿಸುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಇಡೀ ಒಲೆ ಕೈ ಮೀರಿ ಹೋಗಬಹುದು. ಗಾಳಿಯನ್ನು ಅದಕ್ಕೆಂದೇ ಇರುವ ಕಿಂಡಿಯಿಂದಲೇ ಕೊಡಿ. ಸೌದೆಗೆ ಅಂತಲೇ ಮಾಡಿದ ಒಲೆಗೆ ಕಲ್ಲಿದ್ದಲನ್ನೂ ಹಾಕಬೇಡಿ.

ಒಲೆ ಎಷ್ಟು ಕಾದಿದೆ ಅಂತ ಕಣ್ಣಂದಾಜಿನಲ್ಲಿ ಹೇಳೋಕಾಗಲ್ಲ. ಹೊಗೆ ಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಸಿಗುತ್ತದೆ, ಒಂದು ತಂದುಬಿಡಿ. ಒಂದೇ ಪದರದ ಕೊಳವೆಯಾದರೆ ಒಲೆಯ ತಲೆಯಿಂದ ಸುಮಾರು 45 ಸೆಂಟಿಮೀಟರ್ ಮೇಲೆ ಅಂಟಿಸಿ. ಮುಳ್ಳು ಹೆಚ್ಚುಕಮ್ಮಿ 120ರಿಂದ 240 ಡಿಗ್ರಿಯ ಒಳಗೆ ಆಡುತ್ತಿದ್ದರೆ ಸರಿ. ಅದಕ್ಕಿಂತ ಕೆಳಗೇ ಇದ್ದರೆ ಕೊಳವೆಯೊಳಗೆ ಟಾರಿನಂಥ ಮಸಿ ಕಟ್ಟುತ್ತದೆ, ಮೇಲೇ ಇದ್ದರೆ ಒಲೆಯ ಆಯಸ್ಸು ಕರಗುತ್ತದೆ. ಎರಡು ಪದರದ ಕೊಳವೆಗೆ ಇದು ಆಗಲ್ಲ, ಹೊರಗಿನ ಪದರದ ಬಿಸಿ ಒಳಗಿನದನ್ನು ಹೇಳುವುದಿಲ್ಲ. ಅದಕ್ಕೆ ಒಳಗೆ ಕಡ್ಡಿ ಇಳಿಯುವ ಥರದ್ದೇ ಬೇಕು.

ಕತ್ತಲಲ್ಲಿ ಕೊಳವೆ ಅಥವಾ ಒಲೆಯ ಮೈ ಮಂದವಾಗಿ ಕೆಂಪಾಗಿ ಕಂಡರೆ ಅದು ಆಗಲೇ 500 ಡಿಗ್ರಿ ದಾಟಿದೆ ಅಂತ ಅರ್ಥ. ಆಗ ಗಾಳಿ ಕಿಂಡಿ ಮುಚ್ಚಿ, ಬಾಗಿಲು ತೆರೆಯಬೇಡಿ, ಸುಮ್ನೆ ಕಾಯಿರಿ. ನೀರಂತೂ ಎರಚಲೇಬೇಡಿ. ಕಾದ ಬೀಡು ಟಪ್ಪಂತ ಸೀಳುತ್ತದೆ, ಹಬೆ ಮುಖಕ್ಕೆ ಹೊಡೆಯುತ್ತದೆ. ಕೊಳವೆಯೊಳಗೇ ಗುಂಯ್ ಅಂತ ದೊಡ್ಡ ಸದ್ದು ಶುರುವಾದರೆ ಅದು ಚಿಮಣಿಗೇ ಬೆಂಕಿ ಬಿದ್ದ ಲಕ್ಷಣ. ಒಲೆಯ ಚಿಂತೆ ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಹಸಿ ಸೌದೆಯಿಂದ ಒಲೆ ಹೇಗೆ ಸುಡುತ್ತದೆ ಅಂತ ಕೇಳಬಹುದು. ಹಸಿ ಸೌದೆ ಉರಿಯಲ್ಲ, ಗಾಳಿ ಪೂರ್ತಿ ಬಿಡುತ್ತೀರಿ, ಅದು ಬುಸುಗುಟ್ಟುತ್ತಾ ಅರ್ಧ ಗಂಟೆ ಒಣಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಒಟ್ಟಿಗೇ ಹತ್ತಿಕೊಳ್ಳುತ್ತದೆ, ಅಷ್ಟರಲ್ಲಿ ನೀವು ಕಿಂಡಿಯನ್ನು ಮರೆತಿರುತ್ತೀರಿ. ಸೌದೆಯ ತೇವ 20 ಶೇಕಡಾಕ್ಕಿಂತ ಕಡಿಮೆ ಇರಲಿ. ಮೀಟರ್ ಇದ್ದರೆ ಹೊಸದಾಗಿ ಸೀಳಿದ ಮುಖಕ್ಕೆ ಚುಚ್ಚಿ ನೋಡಿ, ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಮೀಟರ್ ಇಲ್ಲವೇ, ಎರಡು ತುಂಡುಗಳನ್ನು ತಾಗಿಸಿ: ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್, ಸಮುದ್ರದಲ್ಲಿ ತೇಲಿಬಂದ ಕಟ್ಟಿಗೆ ಯಾವುದೂ ಬೇಡ. ಉಪ್ಪು ಹೀರಿದ ಕಟ್ಟಿಗೆ ಉಕ್ಕನ್ನು ಒಳಗಿನಿಂದಲೇ ತಿನ್ನುತ್ತದೆ.

ಬಾಗಿಲ ಸಂದಿ ಮುಚ್ಚೋಕೆ ಅಂತ ಅದರ ಸುತ್ತ ಕೂರಿಸಿರುವ, ಬಿಸಿ ತಡೆಯುವ ನಾರಿನ ಹಗ್ಗವನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದು ಸವೆದರೆ ಗಾಳಿ ತನ್ನಿಷ್ಟಕ್ಕೆ ಒಳಗೆ ಬರುತ್ತದೆ, ಆಮೇಲೆ ನೀವು ಕಿಂಡಿ ಎಷ್ಟು ಮುಚ್ಚಿದರೂ ಬೆಂಕಿ ಮಾತು ಕೇಳಲ್ಲ. ಒಲೆ ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಸಂದಿಗಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸರಕ್ಕನೆ ಬಂದರೆ ಹಗ್ಗ ಹೋಗಿದೆ. ಸುತ್ತಲೂ ನೋಡಿ, ಒಂದೇ ಕಡೆ ಅಲ್ಲ. ಹೊಸದು ಹಳೆಯದರಷ್ಟೇ ದಪ್ಪ ಇರಲಿ, ಕೂರಿಸುವಾಗ ಎಳೆದು ಹಿಗ್ಗಿಸಬೇಡಿ, ತೆಳ್ಳಗಾಗುತ್ತದೆ.

ಒಲೆಯೊಳಗಿನ ಚಾವಣಿ ಥರದ ತಗಡು, ಬ್ಯಾಫಲ್ ಪ್ಲೇಟ್ ಅನ್ನುತ್ತಾರಲ್ವಾ, ಉರಿ ಮೊದಲು ಹೊಡೆಯುವುದೇ ಅದಕ್ಕೆ. ಅದರ ಬೆನ್ನ ಮೇಲೆ ಮಸಿ, ಬೂದಿ ಕೂತರೆ ಬಿಸಿ ಅಲ್ಲೇ ಕಟ್ಟಿಕೊಂಡು ಬಾಗುತ್ತದೆ. ಚಿಮಣಿ ಸ್ವಚ್ಛ ಮಾಡಿಸುವಾಗಲೆಲ್ಲ ಅದನ್ನೂ ಇಳಿಸಿ ಗುಡಿಸಿ. ಒಲೆಯ ಒಳಗೋಡೆಗೆ ಜೋಡಿಸಿರುವ ಇಟ್ಟಿಗೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ. ತುಂಡು ಉದುರಿ ಹಿಂದಿನ ಲೋಹ ಕಾಣಿಸಿದಾಗ ಬದಲಿಸಿ, ಬದಲಿಸಿದ ಮೇಲೆ ಎರಡು ಮೂರು ಸಲ ಸಣ್ಣ ಬೆಂಕಿಯನ್ನೇ ಹಾಕಿ. ಬಾಗಿಲ ಗಾಜು ಬಿಸಿಗೆ ಒಡೆಯುವುದು ಅಪರೂಪ. ಸೌದೆ ತಾಗಿಯೋ, ಸ್ಕ್ರೂ ಅತಿಯಾಗಿ ಬಿಗಿದೋ ಒಡೆಯುವುದೇ ಜಾಸ್ತಿ.

ಬಿಗಿಯುವ ಮಾತು ಬಂತಲ್ಲ, ನನ್ನ ಎರಡನೇ ಪೆದ್ದುತನ ಹೇಳಿಬಿಡುತ್ತೇನೆ. ಹೊಸ ಜಾಲರಿ ತಂದು ಕೂರಿಸಿದಾಗ ಸ್ವಲ್ಪ ಅಲ್ಲಾಡುತ್ತಿತ್ತು. ಅಂಗಡಿಯವರು ತಪ್ಪು ಅಳತೆ ಕೊಟ್ಟರು ಅಂತ ಬೈದುಕೊಂಡು ಪಕ್ಕಕ್ಕೆ ತಗಡಿನ ಚೂರು ತುರುಕಿದೆ. ಆ ಸಂದಿ ಬೇಕಂತಲೇ ಬಿಟ್ಟದ್ದು! 30 ಸೆಂಟಿಮೀಟರ್ ಉದ್ದದ ಬೀಡಿನ ತುಂಡು ಇನ್ನೂ 500 ಡಿಗ್ರಿ ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ಜಾಗ ಇಲ್ಲದಿದ್ದರೆ ಬಾಗುತ್ತದೆ ಇಲ್ಲವೇ ಸೀಳುತ್ತದೆ. ಇಟ್ಟಿಗೆಗಳಿಗೂ ಅಷ್ಟೇ, ಒತ್ತಿ ಒತ್ತಿ ಕೂರಿಸಬೇಡಿ. ಮಾರನೇ ದಿನವೇ ಆ ತಗಡು ಕಿತ್ತು ಹಾಕಿದೆ. ಈಗ ತಿಂಗಳಿಗೊಮ್ಮೆ ಒಲೆ ಪೂರ್ತಿ ತಣ್ಣಗಾದಾಗ ಜಾಲರಿಯ ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು, ಅಡಿಯಲ್ಲಿ ಬೆಳಕು ಕಾಣುತ್ತದಾ ಅಂತ ನೋಡುತ್ತೇನೆ.